ತಕ್ಕಡಿ ಜುಬೇದಾ ಮತ್ತು ಕಿಟಕಿಯ ಜಾಗ

ಜುಬೇದಾಳ ಬಗ್ಗೆ ಬರೆಯಲು ಕುಳಿತರೆ ನನಗೆ ಮೊದಲು ಬರುವುದು ಸಿಟ್ಟು. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುವವರು ಬೇರೆ ಯಾರಾದರೂ ಬರೆದದ್ದನ್ನು ಓದಿಕೊಳ್ಳಲಿ. ಆಕೆ ಮೂರೇ ಮೂರು ಪದಗಳಿಂದ ನನ್ನ ಅವ್ವನನ್ನು ಊರಿಗೆಲ್ಲ ಕಳ್ಳಿ ಮಾಡಿದಳು. ಒಂದು ವರ್ಷದ ಮೇಲೆ ಅದೇ ಜುಬೇದಾ, ಅವ್ವನಿಗೆ ಕಳ್ಳಿ ಎಂದವನ ಟೊಪ್ಪಿಗೆ ತೆಗೆಸಿ, ಧೋತರದ ಗಂಟು ಬಿಚ್ಚಿಸಿ ನಾಲ್ವತ್ತು ಹೆಂಗಸರ ಮುಂದೆ ನಿಲ್ಲಿಸಿದಳು. ಎರಡೂ ನಿಜ. ಎರಡರಲ್ಲಿ ಯಾವುದನ್ನೂ ನಾನು ಬಿಟ್ಟು ಬರೆಯುವುದಿಲ್ಲ.

ನಾನು ಗೌರಾಬಾಯಿ. ನಿಪ್ಪಾಣಿಯ ಒಂದು ತಂಬಾಕು ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಎಲೆಯಿಂದ ದೇಟು ಬಿಡಿಸುವ ಕೆಲಸ ಮಾಡುತ್ತಿದ್ದ ಲಕ್ಕವ್ವನ ಮಗಳು. ಜುಬೇದಾ ಅವ್ವನ ಜೊತೆಗೇ ದುಡಿಯುತ್ತಿದ್ದವಳು, ನಮ್ಮ ಓಣಿಯವಳು, ಅವ್ವನಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ನಾನು ಆಕೆಯನ್ನು ಚಿಕ್ಕವ್ವನೆಂದೇ ಬಗೆದು ಮಾವಶಿ ಎಂದು ಕರೆಯುತ್ತಿದ್ದೆ. ಆಮೇಲೆ ಕರೆಯುವುದು ಬಿಟ್ಟೆ.

ಆಕೆಯ ಅಪ್ಪ ಪೀರಸಾಬ ಸಂತೆಯಿಂದ ಸಂತೆಗೆ ಹೋಗಿ ತಕ್ಕಡಿ ರಿಪೇರಿ ಮಾಡುತ್ತಿದ್ದ. ಚಿಕ್ಕೋಡಿ, ರಾಯಬಾಗ, ಅಥಣಿ ಎಂದು ಸುತ್ತುತ್ತಿದ್ದ ಅವನ ಹಿಂದೆ ಗಂಡುಮಕ್ಕಳಿಲ್ಲದ ಕಾರಣ ಮಗಳೇ ಪೆಟ್ಟಿಗೆ ಹೊತ್ತು ಹೋಗುತ್ತಿದ್ದಳು. ಅವನು ಸತ್ತಾಗ ಉಳಿದದ್ದು ಅಕ್ಕಸಾಲಿಗರ ಒಂದು ಪುಟ್ಟ ತಕ್ಕಡಿ, ಕಟ್ಟಿಗೆಯ ಡಬ್ಬಿಯಲ್ಲಿ ಮಲಗಿಸಿಟ್ಟದ್ದು. ಅದನ್ನು ಹಿಡಿಯುವ ಬಲಗೈಗೆ ಜುಬೇದಾ ಎಂದೂ ಬಳೆ ತೊಡಲಿಲ್ಲ. ಬಳೆ ಅಲುಗಿದರೆ ತಕ್ಕಡಿ ಅಲುಗುತ್ತದೆ ಎನ್ನುತ್ತಿದ್ದಳು. ಎಡಗೈ ತುಂಬ ಹಸಿರು ಬಳೆ, ಬಲಗೈ ಬೋಳು. ಹಾಗೆ ನಡೆದು ಬರುವವಳನ್ನು ಓಣಿಯ ತುದಿಯಿಂದಲೇ ಗುರುತಿಸಬಹುದಿತ್ತು.

ಆಕೆಗೆ ಇನ್ನೊಂದು ಚಟ, ಎಲ್ಲದಕ್ಕೂ 'ಯಾಕ' ಎಂದು ಕೇಳುವುದು. ಕೇಳಿ ಸುಮ್ಮನಿರುವವಳಲ್ಲ, ಉತ್ತರ ಸಿಗುವವರೆಗೆ ಮಂದಿಯ ಜೀವ ತಿನ್ನುವವಳು. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದು ಯಾಕೆ ಎಂದು ನಾನು ಕೇಳಿದ್ದಕ್ಕೆ ಒಂದು ಸಣ್ಣ ಕುಡಿಕೆಗೆ ನೀರು ಹಾಕಿ, ತೂಗಿ, ಮಧ್ಯಾಹ್ನದ ಗಾಳಿಗೆ ಇಟ್ಟಳು. ಸಂಜೆ ಮತ್ತೆ ತೂಗಿದರೆ ಕಮ್ಮಿ.

"ನೋಡ ಗೌರಿ, ನೀರು ಹೊರಗ ಜಿನುಗಿ ಗಾಳ್ಯಾಗ ಹೊಂಟ ಹೋಗತೈತಿ. ಹೋಗೂಮುಂದ ಗಡಿಗ್ಯಾನ ಬಿಸಿ ಕಟಗೊಂಡ ಹೋಗತೈತಿ. ಅದಕ ಉಳದ ನೀರು ತಂಪ. ಬೆವತ ಮೈಗೆ ಗಾಳಿ ತಾಗಿದ್ರ ಹಿತ ಅನಸಂಗಿಲ್ಲೇನ, ಹಂಗ."

ಇನ್ನೊಂದು ಸಲ, ಬರ್ಫ ಹಾಕಿದ ಲೋಟದ ಹೊರಗೆ ನೀರು ಹೇಗೆ ಬರುತ್ತದೆ ಎಂದು ಹೆಂಗಸರಲ್ಲಿ ಜಗಳವೇ ಬಿತ್ತು. ಲೋಟ ಸೋರುತ್ತದೆ ಎಂದು ಅರ್ಧ ಮಂದಿ. ಜುಬೇದಾ ಸಣ್ಣ ಸ್ಟೀಲಿನ ಬಟ್ಟಲಿಗೆ ಬರ್ಫ ಹಾಕಿ ಮುಚ್ಚಳ ಮುಚ್ಚಿ ತೂಗಿದಳು. ಕಾಲುಗಂಟೆ ಬಿಟ್ಟು ತೂಗಿದರೆ ಬಟ್ಟಲು ಭಾರವಾಗಿತ್ತು. "ಸೋರಿದ್ರ ತೂಕ ಹೆಂಗ ಹೆಚ್ಚಾದೀತ ಬೇ? ನೀರು ಒಳಗಿಂದ ಬಂದಿದ್ದಲ್ಲ, ಗಾಳ್ಯಾಗಿಂದ ಬಂದಿದ್ದು. ಗಾಳ್ಯಾಗ ನಮಗ ಕಾಣಲಾರದಂಥಾ ನೀರು ಇರತೈತಿ. ತಂಪ ಸಿಕ್ಕಲ್ಲೆ ಬಂದ ಕುಂಡರತೈತಿ."

ವೋಲ್ಟೇಜ್ ಬಿದ್ದಾಗ ಟ್ಯೂಬ್‌ಲೈಟ್ ಕುಣಿಯುವುದು ಯಾಕೆ, ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ಯಾಕೆ, ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದು ಯಾಕೆ, ಎಲ್ಲದಕ್ಕೂ ಜನ ಆಕೆಯ ಬಳಿಗೇ ಬರುತ್ತಿದ್ದರು. ಗೊತ್ತಿಲ್ಲದ್ದನ್ನು ಹೈಸ್ಕೂಲ್ ಮಾಸ್ತರರ ಮನೆಗೆ ಹೋಗಿ ಕೇಳಿಕೊಂಡು ಬರುತ್ತಿದ್ದಳು. ಬಂದು ಅವರು ಹೇಳಿದ್ದನ್ನೂ ಪರೀಕ್ಷೆ ಮಾಡುತ್ತಿದ್ದಳು. ಯಾರು ಏನೇ ಹೇಳಲಿ, ಆಕೆಯದು ಒಂದೇ ಪ್ರಶ್ನೆ, "ತೂಗಿ ನೋಡಿಯೇನ?" ಹೀಗಾಗಿ ತಕ್ಕಡಿ ಜುಬೇದಾ ಎಂದೇ ಹೆಸರಾಯಿತು. ಆಕೆ ಹೇಳಿದರೆ ಮುಗಿಯಿತು, ಮೇಲೆ ಮಾತಿಲ್ಲ.

ಅದೇ ನಮ್ಮ ಮನೆ ಹಾಳು ಮಾಡಿತು.

ವಖಾರಿಯ ಒಳಗೆ ಬೆಳಕು ಕಮ್ಮಿ, ನೆಲ ಥಂಡಿ. ತಂಬಾಕಿನ ಘಾಟಿಗೆ ಹೊಸಬರು ಒಂದು ತಾಸು ಕೂಡಲಾರರು. ನಾಲ್ವತ್ತು ಹೆಂಗಸರಿಗೆ ಇದ್ದದ್ದು ಒಂದೇ ದೊಡ್ಡ ಕಿಟಕಿ, ಪಡುವಣ ಗೋಡೆಯಲ್ಲಿ. ಗಾಳಿ, ಮಧ್ಯಾಹ್ನದ ಬಿಸಿಲು, ಎಲ್ಲ ಆ ಕಿಟಕಿಯಿಂದಲೇ. ಆ ಜಾಗಕ್ಕೆ ಎಲ್ಲರಿಗೂ ಆಸೆ. ಆದರೆ ಅವ್ವನಿಗೆ ಕೆಮ್ಮು ಹತ್ತಿದ ಮೇಲೆ ಹೆಂಗಸರೇ ಮಾತಾಡಿಕೊಂಡು, ಲಕ್ಕವ್ವಕ್ಕ ಅಲ್ಲಿ ಕೂಡಲಿ ಎಂದು ಬಿಟ್ಟುಕೊಟ್ಟರು. ಮಧ್ಯಾಹ್ನ ನಾನು ಅದೇ ಕಿಟಕಿಯ ಸರಳುಗಳ ನಡುವಿನಿಂದ ಮಜ್ಜಿಗೆಯ ತಂಬಿಗೆ ಕೊಟ್ಟು ಬರುತ್ತಿದ್ದೆ.

ಮುಂಜಾನೆ ಒಬ್ಬೊಬ್ಬರಿಗೂ ಇಪ್ಪತ್ತು ಕಿಲೋ ತಂಬಾಕು ತೂಗಿ ಕೊಡುತ್ತಿದ್ದರು. ಎಲೆ ಪುಡಿಯಾಗದಂತೆ ಸ್ವಲ್ಪ ಹಸಿ ಇರುವಾಗಲೇ ಕೊಡುವುದು ಪದ್ಧತಿ. ಅದನ್ನು ಗೋಣಿತಟ್ಟಿನ ಮೇಲೆ ಹರವಿಕೊಂಡು ದೇಟು ಬೇರೆ, ಎಲೆ ಬೇರೆ ಮಾಡಬೇಕು. ಸಂಜೆ ಎಲೆ, ದೇಟು, ಗುಡಿಸಿದ ಧೂಳು ಎಲ್ಲ ಸೇರಿಸಿ ತೂಗಿದರೆ ಇಪ್ಪತ್ತು ಬರಬೇಕು. ಅರ್ಧ ಕಿಲೋ ಕಮ್ಮಿಯಾದರೆ ಮಾಫಿ. ಅದಕ್ಕಿಂತ ಕಮ್ಮಿಯಾದರೆ ಝಡತಿ, ಅಂದರೆ ಗೇಟಿನಲ್ಲಿ ನಿಲ್ಲಿಸಿ ಮೈ ತಪಾಸಣೆ.

ವಖಾರಿಯ ಯಜಮಾನಿಕೆ ಬಾಬಾಸಾಹೇಬ ಎಂಬ ಎಳೆಯ ಶೇಠರದು. ಪುಣೆಯಲ್ಲಿ ಓದಿದವರು, ತಂದೆ ತೀರಿದ ಮೇಲೆ ಬಂದವರು. ಮೋಟಾರಿನ ಬಗ್ಗೆ ಕೇಳಿದರೆ ದಿನವಿಡೀ ಹೇಳುತ್ತಿದ್ದರು, ತಂಬಾಕಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಅವರ ಕಣ್ಣು, ಕಿವಿ ಎಲ್ಲ ವಖಾರಿಯ ಲೆಕ್ಕ ನೋಡುವ ದಿವಾಣಜಿ ದಶರಥ. ಬಿಳಿ ಟೊಪ್ಪಿಗೆ, ಇಸ್ತ್ರಿ ಧೋತರ, ಬಾಯಲ್ಲಿ ಸದಾ ಎಲೆಯಡಿಕೆ. ಮಾಲು ಕಮ್ಮಿಯಾಯಿತು ಎಂದು ಶೇಠರು ಕೇಳಿದಾಗ ತೋರಿಸಲು ಅವನಿಗೆ ಪ್ರತಿ ಬೇಸಿಗೆಗೆ ಒಬ್ಬ ಕಳ್ಳಿ ಬೇಕಾಗಿದ್ದಳು. ೧೯೮೩ರ ಮಾರ್ಚಿನಲ್ಲಿ ಅವನಿಗೆ ಸಿಕ್ಕವಳು ನನ್ನ ಅವ್ವ.

ಮೂರು ದಿನ ಒಂದೇ ಸಮನೆ ಅವ್ವನ ತಂಬಾಕು ಕಿಲೋದ ಮೇಲೆ ಕಮ್ಮಿ ಬಂತು. ಮೂರನೆಯ ದಿನ ಅವ್ವ ಎದುರು ಮಾತಾಡಿದಳು. "ನಾ ಮುಟ್ಟಿಲ್ರಿ. ನಿಮ್ಮ ತಕ್ಕಡಿನ ಸರಿ ಇಲ್ಲ."

ದಶರಥ ನಕ್ಕನಂತೆ. "ಹಂಗಾರ ತಕ್ಕಡಿ ಜುಬೇದಾನ್ನ ಕರೀರಿ. ಆಕಿನ ಹೇಳ್ಲಿ."

ಜುಬೇದಾ ಬಂದಳು. ಎಲ್ಲರ ಕಣ್ಣು ತನ್ನ ಮೇಲಿದೆ ಎಂದರೆ ಆಕೆಗೆ ಹಬ್ಬ. ಮೊದಲು ಬರೀ ತಟ್ಟೆ ತೂಗಾಡಿಸಿ ನೋಡಿದಳು. ಆಮೇಲೆ ಎಡಕ್ಕಿದ್ದ ಮಾಲು ಬಲಕ್ಕೆ, ಬಲಕ್ಕಿದ್ದ ತೂಕದ ಕಲ್ಲು ಎಡಕ್ಕೆ ಹಾಕಿಸಿದಳು. ತಕ್ಕಡಿಯ ಒಂದು ತೋಳು ಉದ್ದ, ಒಂದು ಗಿಡ್ಡ ಇದ್ದರೆ ಹೀಗೆ ಅದಲು ಬದಲು ಮಾಡಿದಾಗ ಮೋಸ ಹೊರಬೀಳುತ್ತದೆ ಎಂದು ಹೆಂಗಸರಿಗೆ ಪಾಠವನ್ನೂ ಹೇಳಿದಳು. ಎರಡೂ ಸಲ ಅಷ್ಟೇ ಬಂತು, ಹದಿನೆಂಟು ಕಿಲೋ ಏಳುನೂರು ಗ್ರಾಮು. ಆಗ ಆ ಮೂರು ಪದ ಹೇಳಿದಳು.

"ತಕ್ಕಡಿ ಸರಿ ಐತ್ರಿ."

ಅಲ್ಲಿಗೆ ಮುಗಿಯಿತು. ತಕ್ಕಡಿ ಸರಿ ಎಂದಮೇಲೆ ಲಕ್ಕವ್ವ ಕಳ್ಳಿ. ಗೇಟಿನಲ್ಲಿ ಅವ್ವನ ಸೀರೆ ಕೊಡವಿಸಿದರು, ಕುಪ್ಪಸ ತಡಕಿದರು, ತುರುಬು ಬಿಚ್ಚಿ ಕೂದಲಲ್ಲಿ ಬೆರಳಾಡಿಸಿದರು. ಒಂದು ಎಳೆ ತಂಬಾಕೂ ಸಿಗಲಿಲ್ಲ. ದಶರಥನಿಗೆ ಅದೂ ಅನುಕೂಲವಾಯಿತು. "ಮೈಮ್ಯಾಲ ಇಲ್ಲಂದ್ರ ಕಿಡಕ್ಯಾಗ ಹೋಗೈತಿ. ದಿನಾ ಮಗಳು ತಂಬಿಗಿ ತಗೊಂಡ ಬಂದ ನಿಂತಿರತಾಳಲ್ಲ, ಸುಮ್ಮನ ಬರತಾಳೇನ?"

ಗೇಟಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅವ್ವನ ಹೆಸರು ಬರೆಸಿದ. ಊರಿನ ಬೇರೆ ಯಾವ ವಖಾರಿಯವರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ರಾಯಬಾಗದಲ್ಲಿ ನನಗೆ ಗೊತ್ತಾಗಿದ್ದ ಸಂಬಂಧ ಎಂಟೇ ದಿನದಲ್ಲಿ ಮುರಿಯಿತು. ಅವ್ವ ಓಣಿಯ ನಳಕ್ಕೆ ಎಲ್ಲರೂ ಹೋಗಿ ಬಂದ ಮೇಲೆ ಹೋಗತೊಡಗಿದಳು. ಅರಿಷಿಣ ಕುಂಕುಮಕ್ಕೆ ಯಾರೂ ಕರೆಯಲಿಲ್ಲ, ಕರೆದಿದ್ದರೂ ಅವಳು ಹೋಗುತ್ತಿರಲಿಲ್ಲ. ನನಗೆ ಆಗ ಹತ್ತೊಂಬತ್ತು ವರ್ಷ. ದಶರಥನನ್ನು ಅದೇ ಗೇಟಿನಲ್ಲಿ ಹಾಗೆಯೇ ನಿಲ್ಲಿಸಬೇಕು, ಅವ್ವ ಅದನ್ನು ನೋಡಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಜುಬೇದಾಳನ್ನು ಏನು ಮಾಡಬೇಕೆಂದು ಮಾತ್ರ ಹೊಳೆದಿರಲಿಲ್ಲ. ಹೊಳೆಯುವವರೆಗೆ ಇರಲಿ ಎಂದು ಆಕೆಯ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಉಗುಳಿ ಹೋಗುತ್ತಿದ್ದೆ.

ದಶರಥ ಕಿಟಕಿಯ ಜಾಗವನ್ನು ಜುಬೇದಾಳಿಗೇ ಕೊಟ್ಟ. ತಕ್ಕಡಿ ಸರಿ ಎಂದದ್ದಕ್ಕೆ ಇನಾಮು. ಆಕೆ ಖುಷಿಯಿಂದಲೇ ಹೋಗಿ ಕುಳಿತಳು, ಸುಳ್ಳೇಕೆ ಹೇಳಲಿ. ಅದೇ ವಾರ ಆಕೆಯ ತಂಬಾಕು ಒಂದು ಕಿಲೋ ನೂರು ಗ್ರಾಮು ಕಮ್ಮಿ ಬಂತು.

ಜುಬೇದಾ ತಟ್ಟು ಝಾಡಿಸಿದಳು, ನೆಲ ಗುಡಿಸಿದಳು, ಕುಳಿತಲ್ಲೆಲ್ಲ ತಡಕಿದಳು. ಮತ್ತೆ ಕಮ್ಮಿ. ದಶರಥ ಹತ್ತಿರ ಬಂದು ಮೆಲ್ಲಗೆ ಹೇಳಿದನಂತೆ, "ಇರ್ಲಿ ಬಿಡ. ನೀ ನಮ್ಮಾಕಿ." ಆ ಮಾತು ಉಡಿಯಲ್ಲಿ ಕೆಂಡ ಹಾಕಿದ ಹಾಗಾಯಿತು ಎಂದು ಆಮೇಲೆ ನನಗೆ ಹೇಳಿದಳು. ತಾನು ಕದ್ದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದೇ ಜಾಗ, ಅದೇ ಕೊರತೆ. ಹಾಗಾದರೆ ಲಕ್ಕವ್ವಕ್ಕನೂ ಕದ್ದಿರಲಿಲ್ಲ.

ಆಕೆ ಆ ಮರುದಿನವೇ ಅಪ್ಪನ ಪುಟ್ಟ ತಕ್ಕಡಿ ತೆಗೆದಳು. ಹತ್ತು ಹತ್ತು ತೊಲೆಯ ಎರಡು ತಂಬಾಕಿನ ಗಂಟು ತೆಳು ಅರಿವೆಯಲ್ಲಿ ಕಟ್ಟಿ, ಒಂದನ್ನು ಕಿಟಕಿಯ ಸರಳಿಗೆ, ಇನ್ನೊಂದನ್ನು ಒಳಗಿನ ಥಂಡಿ ಮೂಲೆಯ ಗೂಟಕ್ಕೆ ತೂಗುಹಾಕಿದಳು. ಸಂಜೆ ಮೂಲೆಯ ಗಂಟು ಹೆಚ್ಚುಕಮ್ಮಿ ಅಷ್ಟೇ ಇತ್ತು. ಕಿಟಕಿಯದು ಅರ್ಧ ತೊಲೆಗಿಂತ ಹೆಚ್ಚು ಇಳಿದಿತ್ತು. ಗಂಟು ಬಿಚ್ಚಿದ ಗುರುತಿಲ್ಲ, ಎಲೆ ಒಂದೂ ಉದುರಿಲ್ಲ. ಎರಡೂ ಗಂಟನ್ನು ಹಾಗೆಯೇ ಎತ್ತಿಟ್ಟಳು. ಜೂನಿನ ಮಳೆ ಹಿಡಿದ ವಾರ ಮತ್ತೆ ತೂಗಿದರೆ ಎರಡೂ ಹತ್ತು ತೊಲೆ ದಾಟಿದ್ದವು.

ಮಧ್ಯಾಹ್ನವಾದರೆ ಎಲೆ ಗರಿಗರಿ ಆಗುತ್ತದೆ ಎಂದು ವಖಾರಿಯ ಎಲ್ಲ ಹೆಂಗಸರ ಬೆರಳಿಗೂ ಗೊತ್ತಿತ್ತು. ಆದರೆ ಅವರಿಗೆ ಅದು ಎಲೆಯ ಗುಣ, ತೂಕಕ್ಕೂ ಅದಕ್ಕೂ ಸಂಬಂಧ ಇದೆ ಎಂದು ಯಾರೂ ಎಣಿಸಿರಲಿಲ್ಲ. ಹಪ್ಪಳ, ಉಪ್ಪು ಇದ್ದ ಹಾಗೆ ತಂಬಾಕೂ ಗಾಳಿಯಲ್ಲಿರುವ ನೀರು ಕುಡಿಯುತ್ತದೆ, ಒಣ ಗಾಳಿ ಬೀಸಿದರೆ ಆ ನೀರು ಬಿಟ್ಟುಕೊಡುತ್ತದೆ. ಥಂಡಿ ನೆಲದ ಮೇಲೆ ಕುಳಿತವರ ಕೊರತೆ ಅರ್ಧ ಕಿಲೋದೊಳಗೇ ಮುಚ್ಚಿಹೋಗುತ್ತಿತ್ತು. ಕಿಟಕಿಯ ಬಿಸಿಲು ಗಾಳಿಗೆ ಹರವಿದ ತಂಬಾಕು ಕಿಲೋದ ಮೇಲೆ ನೀರು ಕಳೆದುಕೊಳ್ಳುತ್ತಿತ್ತು. ಪ್ರೀತಿಯಿಂದ ಕೊಟ್ಟ ಜಾಗವೇ ಅವ್ವನನ್ನು ಕಳ್ಳಿ ಮಾಡಿತ್ತು.

ಅದೇ ಮಳೆಯಲ್ಲಿ ಜುಬೇದಾ ನಮ್ಮ ಬಾಗಿಲಿಗೆ ಬಂದಳು. ನಾನು ಬಾಗಿಲು ತೆರೆಯಲಿಲ್ಲ. ಹೊರಗೇ ನೆನೆಯುತ್ತ ನಿಂತು ಕೂಗಿ ಹೇಳಿದಳು, "ಲಕ್ಕವ್ವಕ್ಕಾ, ನೀ ಕದ್ದಿಲ್ಲ. ತಂಬಾಕ ಒಣಗೈತಿ ಅಷ್ಟ. ನಾ ತೂಗಿ ನೋಡೇನಿ."

ಅವ್ವ ಒಲೆಯ ಮುಂದೆ ಕುಳಿತಿದ್ದಳು. ತಿರುಗಿ ನೋಡಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಬಾಗಿಲ ಒಳಗಿನಿಂದಲೇ ಒದರಿದೆ, "ಗಾಳ್ಯಾಗ ನೀರು ಇರತೈತಿ ಅಂತ ಬರ್ಫ ತೂಗಿ ಊರಿಗೆಲ್ಲಾ ಹೇಳಿದಾಕಿ ನೀನ ಅಲ್ಲೇನ? ಗಡಿಗ್ಯಾನ ನೀರು ಗಾಳಿಗೆ ಹೋಗತೈತಿ ಅಂತ ನನಗ ತೋರಿಸಿದಾಕಿ ನೀನ ಅಲ್ಲೇನ? ಎಲ್ಲಾ ಗೊತ್ತಿತ್ತ ನಿನಗ! ಆವತ್ತ ಎಲ್ಲಿ ಸತ್ತಿತ್ತ ನಿನ್ನ ಬುದ್ಧಿ?"

"ಅದನ್ನ ನಾನೂ ಕೇಳಕೋಳಾಕತ್ತೇನಿ ಗೌರಿ," ಎಂದಳು. "ನಾಳೆ ಎಲ್ಲಾರ ಮುಂದ ಹೇಳತೇನಿ."

"ಹೇಳಬ್ಯಾಡ. ನೀ ಹೇಳಿದ್ರ ದಿವಾಣಜಿ ನಿನಗೂ ಕಳ್ಳಿ ಅಂತಾನ. ನಡಿ ಇಲ್ಲಿಂದ."

ಕರುಣೆಯಿಂದ ಹೇಳಿದ್ದಲ್ಲ. ಜುಬೇದಾಳ ಬಾಯಿಂದ ಬಂದರೆ ಸಾಲದು ಎಂದು ಹೇಳಿದ್ದು. ಕಳ್ಳಿ ಎಂದವನ ಬಾಯಿಂದಲೇ ಕಳ್ಳಿ ಅಲ್ಲ ಎಂದು ಬರಬೇಕು, ಅದೇ ಗೇಟಿನಲ್ಲಿ ಬರಬೇಕು. ಅದು ಹೇಗೆ ಎನ್ನುವುದು ನನಗೂ ತಿಳಿಯದೆ ಎಂಟು ತಿಂಗಳು ಕಳೆದವು.

ದಾರಿ ತೋರಿಸಿದವನು ನನ್ನ ಸೋದರಮಾವ ಲಗಮಣ್ಣ. ಅವನದು ಖಡಕಲಾಟದಲ್ಲಿ ಎರಡು ಎಕರೆ ತಂಬಾಕು, ಅದನ್ನು ತಂದು ಹಾಕುತ್ತಿದ್ದದ್ದು ಅದೇ ವಖಾರಿಗೆ. ರೈತರು ಬರುವುದು ಮುಂದಿನ ಗೇಟಿಗೆ, ಹೆಂಗಸರು ಹೋಗುವುದು ಹಿಂದಿನ ಗೇಟಿಗೆ. ಒಂದು ಕಡೆಯ ಮಾತು ಇನ್ನೊಂದು ಕಡೆಗೆ ಬರುತ್ತಿರಲಿಲ್ಲ. ಫೆಬ್ರುವರಿಯಲ್ಲಿ ಒಂದು ದಿನ ನಮ್ಮ ಮನೆಗೆ ಊಟಕ್ಕೆ ಬಂದವನು ದಶರಥನನ್ನು ಬಯ್ಯತೊಡಗಿದ.

"ನಸುಕಿನ್ಯಾಗ ಗಾಡಿ ತಂದ ನಿಲ್ಲಿಸೇನಿ, ಮಗಾ ತೂಗವಲ್ಲ. ಮಾಲು ಇಬ್ಬನಿ ಕುಡದೈತಿ, ಬಿಸಲ ಏರಲಿ, ನೀರು ಆರಿದ ಮ್ಯಾಲ ತೂಗತೇನಿ ಅಂತಾನ. ವರ್ಷಾ ಇದ ಹಾಡ."

ನಾನು ಬಡಿಸುತ್ತಿದ್ದ ಸಟ್ಟುಗ ಹಾಗೇ ಇಟ್ಟೆ. ಅವನಿಗೆ ಗೊತ್ತಿತ್ತು! ತಂಬಾಕು ನೀರು ಕುಡಿಯುತ್ತದೆ, ಬಿಸಿಲಿಗೆ ತೂಕ ಇಳಿಯುತ್ತದೆ ಎಂದು ದಶರಥ ಮುಂದಿನ ಗೇಟಿನಲ್ಲಿ ರೈತರಿಗೆ ಪ್ರತಿ ವರ್ಷ ಹೇಳುತ್ತಿದ್ದ. ಹಿಂದಿನ ಗೇಟಿನಲ್ಲಿ ಅದೇ ಇಳಿದ ತೂಕಕ್ಕೆ ಹೆಂಗಸರ ತುರುಬು ಬಿಚ್ಚಿಸುತ್ತಿದ್ದ. ನಾನು ಕೈ ತೊಳೆದುಕೊಂಡು, ಒಂದು ವರ್ಷ ಉಗುಳಿದ ಅದೇ ಮನೆಯ ಬಾಗಿಲು ಬಡಿದೆ. ಜುಬೇದಾಳ ಮುಖ ನೋಡದೆ ಎಲ್ಲ ಹೇಳಿದೆ. ಆಕೆ ಹೇಳಿದಳು, "ಹಂಗಾರ ಅವನ್ನ ಕಿಡಕ್ಯಾಗ ಕುಂಡ್ರಸೂಣು."

ಏಪ್ರಿಲ್ ಒಂದರಂದು ಶೇಠರ ಕಾರು ಬಂತು. ಜುಬೇದಾ ನೇರ ಹೋಗಿ ಕೈಮುಗಿದಳು. "ಶೇಠಜಿ, ಈಗ ಕಿಡಕಿ ಕಡೆ ಕುಂಡ್ರಾಕಿ ನಾನ. ನನ್ನ ಮಾಲೂ ದಿನಾ ಕಿಲೋ ಕಮ್ಮಿ ಬರಾಕತ್ತೈತ್ರಿ. ಲಕ್ಕವ್ವನ್ನ ತಗದ ಹಾಕಿದ್ರೂ ಕಳುವು ನಿಂತಿಲ್ಲ ನೋಡ್ರಿ. ದಿವಾಣಜಿ ಕಣ್ಣು ಭಾಳ ಚೂಪು. ಒಂದ ದಿನ ಅವರ ಆ ಜಾಗದಾಗ ಮಾಲು ಇಟಗೊಂಡ ಕುಂಡರಲಿ. ಕಳ್ಳ ಸಿಗದ ಎಲ್ಲಿ ಹೋಗತಾನ?"

ಶೇಠರಿಗೆ ಇದು ಬಹಳ ಸರಿ ಕಂಡಿತು. ದಶರಥನ ಮುಖ ಕಪ್ಪಿಟ್ಟಿತು. ತಂಬಾಕು ಒಣಗುತ್ತದೆ ಎಂದರೆ, ಹೋದ ವರ್ಷ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಕೂಡುವುದಿಲ್ಲ ಎಂದರೆ, ಯಾಕೆ ಎಂಬ ಪ್ರಶ್ನೆ ಬರುತ್ತದೆ. ಕುಳಿತ.

ಆ ಹಗಲು ನಾನು ಕಣ್ಣಾರೆ ಕಂಡದ್ದಲ್ಲ. ಆದರೆ ನಾಲ್ವತ್ತು ಹೆಂಗಸರು ಅದನ್ನು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ ಕಂಡವರಿಗಿಂತ ಚೆನ್ನಾಗಿ ನಾನು ಹೇಳಬಲ್ಲೆ. ಮುಂಜಾನೆ ಶೇಠರ ಎದುರೇ ಇಪ್ಪತ್ತು ಕಿಲೋ ತೂಗಿದರು. ಕಿಟಕಿಗೆ ಸಣ್ಣ ಕಣ್ಣಿನ ಜಾಳಿಗೆ ಹೊಡೆಸಿದರು. ಗಾಳಿ ಬರಬೇಕು, ಕೈ ಹೋಗಬಾರದು. ದಶರಥ ಕುರ್ಚಿ ಹಾಕಿಕೊಂಡು ಕುಳಿತ. ಮಾಲು ತಟ್ಟಿನ ಮೇಲೆ ಹರವಿತ್ತು. ಎದುರಿನ ಕಚೇರಿಯಿಂದ ಶೇಠರಿಗೆ ಎಲ್ಲ ಕಾಣುತ್ತಿತ್ತು.

ಹನ್ನೊಂದಕ್ಕೆ ಅವನೆಂದ, "ಕಿಡಕಿ ಹಾಕ್ರಿ, ಝಳಾ ಬರತೈತಿ."

ಜುಬೇದಾ ತನ್ನ ಹೊಸ ಜಾಗದಿಂದ ತಲೆ ಎತ್ತದೆ ಕೇಳಿದಳು, "ಕಿಡಕಿ ಹಾಕಿದ್ರ ಕಳ್ಳ ಹೆಂಗ ಬರತಾನ್ರಿ ದಿವಾಣಜಿ?"

ಹನ್ನೆರಡಕ್ಕೆ ಒಂದು ಕೊಡ ನೀರು ಕೇಳಿದ. ಜುಬೇದಾಳಿಂದ ಎಲ್ಲ ಮೊದಲೇ ತಿಳಿದಿದ್ದ ಹೆಂಗಸರು ಕುಡಿಯಲು ಒಂದು ಲೋಟ ತಂದುಕೊಟ್ಟು, ಮಾಲಿಗೆ ಚಿಮುಕಿಸದ ಹಾಗೆ ಕುಡಿದು ಮುಗಿಸುವವರೆಗೆ ಎದುರೇ ನಿಂತರು. ಮಾಲನ್ನು ಒಂದೆಡೆ ರಾಶಿ ಮಾಡಲು ಹೋದ. "ಹರವ್ರಿ, ನಾವು ಹರವೇ ಕುಂಡರತೇವಿ," ಎಂದರು ಹೆಂಗಸರು. ಎರಡು ಗಂಟೆಗೆ ಪಡುವಣ ಬಿಸಿಲು ತಟ್ಟಿನ ಮೇಲೆ ಬಿತ್ತು. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಯಾರೋ ಒಬ್ಬಳು, ಆ ಬೆವರೆಲ್ಲಾ ಮಾಲಿನ ಮ್ಯಾಲ ಸುರಸ್ರಿ, ಆದರೂ ಕಿಲೋ ತುಂಬಂಗಿಲ್ಲ ಎಂದು ಗೊಣಗಿದಳಂತೆ. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಹೊಟ್ಟೆ ತುಂಬುತ್ತದೆ.

ಅವ್ವ ಬರಲು ಒಲ್ಲೆ ಎಂದಳು. ನಾನು ಅತ್ತೆ, ಬೈದೆ, ಕೊನೆಗೆ ಕೈ ಹಿಡಿದು ಎಳೆದುಕೊಂಡೇ ಹೋದೆ. ಸಂಜೆ ಐದಕ್ಕೆ ಅವ್ವ, ನಾನು, ಲಗಮಣ್ಣ ಮಾವ ಹಿಂದಿನ ಗೇಟಿನಲ್ಲಿ ನಿಂತಿದ್ದೆವು. ಅವ್ವ ತಲೆ ತುಂಬ ಸೆರಗು ಹೊದ್ದು ನೆಲ ನೋಡುತ್ತಿದ್ದಳು.

ತೂಗುವ ಮೊದಲು ಜುಬೇದಾ ದಶರಥನನ್ನೇ ಕೇಳಿದಳು, "ತಕ್ಕಡಿ ಸರಿ ಐತೇನ್ರಿ?"

"ಸರಿ ಐತಿ."

ಹದಿನೆಂಟು ಕಿಲೋ ಆರುನೂರು. ಅವ್ವನದಕ್ಕಿಂತ ನೂರು ಗ್ರಾಮು ಕಮ್ಮಿ! ಶೇಠರು ಕಲ್ಲುಗಳನ್ನು ತಾವೇ ಎಣಿಸಿದರು. ದಶರಥನ ಮುಖ ನೋಡಿದರು.

"ಝಡತಿ," ಎಂದಳು ಜುಬೇದಾ. "ರೂಲು ಎಲ್ಲಾರಿಗೂ ಒಂದ ಅಂತ ಬೋರ್ಡಿನ ಮ್ಯಾಲ ಬರದೈತಲ್ರಿ ಶೇಠಜಿ."

ಶೇಠರು ವಾಚಮನ್ ಹಾಲಸಿದ್ದನಿಗೆ ಕೈಸನ್ನೆ ಮಾಡಿದರು. ಹಾಲಸಿದ್ದ ಮೊದಲು ಟೊಪ್ಪಿಗೆ ತೆಗೆದು ಕೊಡವಿದ. ಒಳಗೆ ದಶರಥನ ತಲೆ ಬೋಳಾಗಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಅಂಗಿಯ ಜೇಬು ಹೊರಳಿಸಿದ. ಎಲೆಯಡಿಕೆ ಚೀಲ ಬಿಚ್ಚಿಸಿದ. ಧೋತರದ ಗಂಟು ಸಡಿಲಿಸಿದಾಗ ದಶರಥ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ನಿಂತ. ಯಾವ ಹೆಂಗಸೂ ಮುಖ ತಿರುಗಿಸಲಿಲ್ಲ. ನಾನೂ ತಿರುಗಿಸಲಿಲ್ಲ. ಅವನಿಗೆ ಹೇಗಾಗುತ್ತಿದೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ನೋಡಿದೆ.

ಏನೂ ಸಿಗಲಿಲ್ಲ. ಜುಬೇದಾ ಹೇಳಿದಳು, "ಮೈಮ್ಯಾಲ ಇಲ್ಲಂದ್ರ ಕಿಡಕ್ಯಾಗ ಹೋಗಿರಬೇಕು. ಹಂಗ ಅಂತ ನೀವ ಹೇಳಿದ್ರಿ. ಹಾಲಸಿದ್ದಣ್ಣಾ, ಸೀಮಿಸುಣ್ಣಾ ತಗೊಂಡ ಬಾ. ಹಲಗಿ ಮ್ಯಾಲ ಹೆಸರು ಬರಿ."

ಆಗ ದಶರಥ ಒದರಿದ. "ನಾ ಕದ್ದಿಲ್ರಿ ಶೇಠಜಿ! ಮಾಲು ಒಣಗೈತ್ರಿ! ಬಿಸಲಿಗೆ, ಗಾಳಿಗೆ ನೀರು ಆರಿ ತೂಕ ಇಳದೈತ್ರಿ! ಆ ಜಾಗದಾಗ ಯಾರ ಕುಂತ್ರೂ ಇಳಿಯೂದ!"

ಶೇಠರು ನಿಧಾನವಾಗಿ ಕೇಳಿದರು, "ಇದು ಖರೇನೇನು?"

ಲಗಮಣ್ಣ ಮಾವ ಮುಂದೆ ಬಂದ. "ಖರೇ ಐತ್ರಿ. ನಮಗ ಮುಂದಿನ ಗೇಟಿನ್ಯಾಗ ದಿನಾ ಇದನ್ನ ಹೇಳತಾರ."

ಜುಬೇದಾ ಅವ್ವನ ಕಡೆ ಕೈ ತೋರಿಸಿದಳು. "ದಿವಾಣಜಿ, ಆಕಿ ಕಡೆ ತಿರಗಿ ಇನ್ನೊಮ್ಮೆ ಹೇಳ್ರಿ. ಯಾರ ಕುಂತ್ರೂ?"

"ಯಾರ ಕುಂತ್ರೂ ಇಳಿಯೂದ."

"ಲಕ್ಕವ್ವ ಕುಂತ್ರ?"

"ಲಕ್ಕವ್ವ ಕುಂತ್ರೂ."

"ಕದ್ದಾಳೇನ?"

ಅವನು ಧೋತರ ಹಿಡಿದುಕೊಂಡೇ ಹೇಳಿದ, "ಕದ್ದಿಲ್ಲ." ಜುಬೇದಾ ಅದನ್ನು ಮೂರು ಸಲ ಹೇಳಿಸಿದಳು. ಮೂರನೆಯ ಸಲಕ್ಕೆ ಅವನ ದನಿ ಒಡೆಯಿತು. ನನಗೆ ಆದ ಸಂತೋಷ ನನ್ನ ಮದುವೆಯಾಗಿದ್ದರೂ ಆಗುತ್ತಿರಲಿಲ್ಲ.

ಅವ್ವ ಮಾತ್ರ ದಶರಥನನ್ನು ನೋಡಲೇ ಇಲ್ಲ. ಸೆರಗು ಸರಿಸಿ ಜುಬೇದಾಳ ಎದುರು ಹೋಗಿ ನಿಂತಳು. ಜುಬೇದಾಳ ಮುಖದಲ್ಲಿ ಗೆದ್ದ ಕಳೆ ಇತ್ತು, ಏನೋ ಒಂದು ಒಳ್ಳೆಯ ಮಾತು ಬರುತ್ತದೆ ಎಂದು ಕಾದಿದ್ದಳು.

"ಗಡಿಗಿ ಯಾಕ ತಂಪ ಅಂತ ಗಡಿಗಿನ್ನ ಕೇಳಿದಿ," ಎಂದಳು ಅವ್ವ. "ಬರ್ಫಿನ್ನ ಕೇಳಿದಿ. ಆವತ್ತ ಎಲ್ಲಾರ ಮುಂದ ತಕ್ಕಡಿನ್ನ ಕೇಳಿದಿ. ಹನ್ನೆರಡ ವರ್ಷ ಮಗ್ಗಲದಾಗ ಕುಂತಿದ್ಯಲ್ಲ, ನನ್ನ ಯಾಕ ಕೇಳಲಿಲ್ಲ?"

ಉತ್ತರಕ್ಕೆ ಅವ್ವ ಕಾಯಲಿಲ್ಲ. ಸೆರಗು ತಲೆಯ ಮೇಲಿಂದ ಇಳಿಬಿಟ್ಟು, ಗೇಟಿನಿಂದ ಮನೆಯವರೆಗೆ ನಡು ಬೀದಿಯಲ್ಲಿ ನಡೆದು ಬಂದಳು. ಅಂದಿನಿಂದ ಜುಬೇದಾಳೊಡನೆ ಮಾತು ಬಿಟ್ಟಳು.

ದಶರಥನ ಕೆಲಸ ಹೋಯಿತು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಬಳಿ ಪಾನಪಟ್ಟಿ ಅಂಗಡಿ ಇಟ್ಟ. ನಾನು ಅದೇ ಊರಲ್ಲಿ ಬಾಲವಾಡಿ ಟೀಚರ್ ಆದೆ. ವಾರಕ್ಕೊಮ್ಮೆ ಮನೆಗೆ ಬರಲು ಬಸ್ಸು ಹತ್ತುವ ಮೊದಲು ಅವನ ಅಂಗಡಿಯ ಮುಂದೆ ನಿಂತು, "ದಿವಾಣಜಿ, ತಂಬಾಕ ಒಣಗೈತೇನ್ರಿ?" ಎಂದು ಕೇಳುವುದನ್ನು ಒಂದು ವಾರವೂ ತಪ್ಪಿಸಲಿಲ್ಲ. ರಾಯಬಾಗದವರು ಮತ್ತೆ ಹೇಳಿ ಕಳಿಸಿದರು. ಕಳ್ಳಿಯ ಮಗಳು ನಿಮಗೆ ಬೇಡ ಎಂದು ನಾನೇ ತಿರುಗಿ ಹೇಳಿ ಕಳಿಸಿದೆ.

ಜುಬೇದಾ ಪ್ರತಿ ಸಂತೆಯ ದಿನ ನಮ್ಮ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದಳು. ಅವ್ವ ಒಳಗೆ, ಆಕೆ ಹೊರಗೆ. ಒಂದು ತಾಸು ಕುಳಿತು ಎದ್ದು ಹೋಗುವಳು. ಕಟ್ಟೆಗೆ ಬಂದ ಮಂದಿ ಟಿವಿಯಲ್ಲಿ ಇರುವೆ ಓಡಿದ ಹಾಗೆ ಕಾಣುವುದು ಯಾಕೆ ಎಂದು ಕೇಳಿದರೆ ಹೇಳುವಳು. ಆದರೆ ಮುಂಚಿನಂತೆ ಬಡಬಡ ಹೇಳುತ್ತಿರಲಿಲ್ಲ. ಮೊದಲು, "ನಿನಗ ಏನ ಅನಸತೈತಿ?" ಎಂದು ಕೇಳುವಳು. ಹೀಗೆ ಹನ್ನೊಂದು ವರ್ಷ.

೧೯೯೫ರ ಚಳಿಗಾಲಕ್ಕೆ ಅವ್ವ ಹಾಸಿಗೆ ಹಿಡಿದಳು. ಅದೇ ಹಳೆಯ ಕೆಮ್ಮು. ಒಂದು ಸಂತೆಯ ದಿನ ಓಣಿಯಲ್ಲಿ ಯಾರದೋ ಹೆಣ ಹೊತ್ತುಕೊಂಡು ಹೋದರು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಒಳಗಿನಿಂದಲೇ ಕರೆದಳು.

"ಜುಬೇದಾ."

ಕಟ್ಟೆಯ ಮೇಲೆ ಬಳೆಯ ಸದ್ದು ಥಟ್ಟನೆ ನಿಂತಿತು. "ಏನಕ್ಕಾ?"

"ಸತ್ತ ಮ್ಯಾಲ ಮನಷ್ಯಾ ಭಾರ ಆಗತಾನ ಅಂತಾರಲ್ಲ. ಖರೇನೇನ?"

ಜುಬೇದಾ ಹೊಸ್ತಿಲ ಕಡೆ ತಿರುಗಿದಳು. "ಇಲ್ಲಕ್ಕಾ. ಎಚ್ಚರಿದ್ದ ಕೂಸು ಕುತಿಗಿಗೆ ಜೋತಬಿದ್ದ ತನ್ನ ಭಾರ ತಾನ ಹೊಂದಿಸಿಕೋತೈತಿ. ನಿದ್ದಿ ಹತ್ತಿದ್ರ ಜೋಲಿ ಬೀಳತೈತಿ, ಅದಕ ಎತಗೊಂಡವರಿಗೆ ಭಾರ ಅನಸತೈತಿ. ಕೂಸಿನ ತೂಕ ಅಷ್ಟ ಇರತೈತಿ. ಸತ್ತವರದೂ ಹಂಗ."

"ತೂಗಿ ನೋಡಿಯೇನ?"

"ಇಲ್ಲ."

"ತೂಗದ ಹೇಳತಿ. ಹಂಗಾರ ಬಾಯಿ ಮುಚಗೊಂಡ ಒಳಗ ಬಾ."

ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದು ಅವ್ವನ ಹಾಸಿಗೆಯ ಪಕ್ಕ ಕುಳಿತಳು. ಅವ್ವ ಕ್ಷಮಿಸಿದರೆ ಅದು ಅವ್ವನ ವಿಚಾರ. ನಾನು ಚಹಾ ಮಾಡಿದೆ, ಆಕೆಯ ಬಟ್ಟಲಿಗೆ ಸಕ್ಕರೆ ಹಾಕಲಿಲ್ಲ. ಜುಬೇದಾ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದಳು. ಆಮೇಲೆ ಪೂರ್ತಿ ಕುಡಿದು ಬಟ್ಟಲು ಕೆಳಗಿಟ್ಟಳು. ಯಾಕೆ ಎಂದು ಕೇಳಲಿಲ್ಲ.